ಬೇಸಿಗೆ ರಜೆಯಲ್ಲಿ ಕೊಡಗಿಗೆ ಆಹಾರದ ಪ್ರಾಜೆಕ್ಟ್‌: ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್‌ ಮುಗಿಯುವ ಹೊತ್ತಿಗೆ ಮೈಸೂರು, ಬೆಂಗಳೂರು, ಮಂಗಳೂರು ಕಡೆಯ ಕಾಲೇಜು ಮಕ್ಕಳಿಂದ ಫೋನು, ಮೆಸೇಜು ಶುರುವಾಗುತ್ತದೆ. "ಸರ್‌, ಸುಸ್ಥಿರ ಆಹಾರ ವ್ಯವಸ್ಥೆ ಮೇಲೆ ಪ್ರಾಜೆಕ್ಟ್‌ ಮಾಡಬೇಕು, ಕೊಡಗಿಗೆ ಬರಬಹುದಾ?" ಧಾರಾಳವಾಗಿ ಬನ್ನಿ. ದಕ್ಷಿಣ ಕೊಡಗಿನಲ್ಲಿ ತೋಟ, ಗದ್ದೆ ಮಾಡಿಕೊಂಡಿರುವ ನಾವು ಕೆಲವು ಮನೆಯವರು ಇಂಥವರಿಗೆ ಜಾಗ ತೋರಿಸುತ್ತೇವೆ, ನಾಲ್ಕು ಜನರ ಪರಿಚಯ ಮಾಡಿಸಿಕೊಡುತ್ತೇವೆ. ಸಂಸ್ಥೆ ಗಿಂಸ್ಥೆ ಏನೂ ಇಲ್ಲ. ಒಂದೇ ಉತ್ತರವನ್ನು ಮತ್ತೆ ಮತ್ತೆ ಟೈಪ್‌ ಮಾಡಿ ಬೆರಳು ಸವೆಸುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇವೆ. ಓದಿಕೊಂಡು ಫೋನ್‌ ಮಾಡಿ.

ಕೊಡಗು ಅಂದರೆ ಕಾಫಿ ತಾನೆ? ಆಹಾರದ ಪ್ರಾಜೆಕ್ಟ್‌ಗೆ ಇಲ್ಲಿಗೇ ಯಾಕೆ ಬರಬೇಕು?

ಕಾಫಿ ಕುಡಿದರೆ ಹೊಟ್ಟೆ ತುಂಬುವುದಿಲ್ಲವಲ್ಲ, ಅದಕ್ಕೇ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಈ ಪುಟ್ಟ ಜಿಲ್ಲೆಯದು. ಆ ಕಾಫಿ ಕೊಯ್ಯುವವರು ಉಣ್ಣುವ ಅಕ್ಕಿ ಎಲ್ಲಿಯದು, ತೋಟದ ಮಾಲೀಕರ ಮನೆಯ ಟೊಮೆಟೊ ಎಲ್ಲಿಯದು ಎಂದು ಕೇಳುತ್ತಾ ಹೋಗಿ, ನಿಮ್ಮ ಪ್ರಾಜೆಕ್ಟ್‌ ಅಲ್ಲೇ ಶುರುವಾಗುತ್ತದೆ. ಶುಕ್ರವಾರ ಬೆಳಿಗ್ಗೆ ಮಡಿಕೇರಿ ಸಂತೆಯಲ್ಲಿ ನಿಂತು ತರಕಾರಿಯವರನ್ನು ಮಾತನಾಡಿಸಿದರೆ ಹೆಚ್ಚಿನ ಮೂಟೆಗಳು ಬಯಲುಸೀಮೆಯಿಂದ ಹತ್ತಿ ಬಂದಿರುವುದು ತಿಳಿಯುತ್ತದೆ.

ಹಿಂದೆ ಲೆಕ್ಕ ಬೇರೆ ಇತ್ತು. ಇಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿಯಲ್ಲಿ ಗದ್ದೆಯೇ ಮುಖ್ಯ ಆಸ್ತಿ. ಗದ್ದೆಗೆ ಹೊಂದಿಕೊಂಡ ಎತ್ತರದ ಕಾಡುಜಾಗ ಬಾಣೆ. ಗದ್ದೆಗೆ ಬೇಕಾದ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು, ಇಷ್ಟಕ್ಕಾಗಿ ಬಾಣೆ ಬಿಟ್ಟಿದ್ದರು. 1850ರ ದಶಕದಲ್ಲಿ ಬ್ರಿಟಿಷರು ದೊಡ್ಡದಾಗಿ ಕಾಫಿ ತೋಟ ಮಾಡಲು ಹೊರಟ ಮೇಲೆ ಬಾಣೆಗೂ ನಿಧಾನವಾಗಿ ಕಾಫಿ ಇಳಿಯಿತು. ಗದ್ದೆಯ ಚಾಕರಿಗೆಂದು ಇದ್ದ ಜಾಗವೇ ಈಗ ಮನೆಯ ಯಜಮಾನ. ಗದ್ದೆ ಮೂಲೆಗೆ ಸೇರಿದೆ.

ಯಾಕೆ ಎಂದು ಬಾಯಿಲೆಕ್ಕದಲ್ಲೇ ಗೊತ್ತಾಗುತ್ತದೆ. 2025–26ಕ್ಕೆ ಕೇಂದ್ರ ಸರ್ಕಾರ ಸಾಮಾನ್ಯ ಭತ್ತಕ್ಕೆ ಕೊಟ್ಟ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ. ಒಣಗಿದ ರೋಬಸ್ಟಾ ಕಾಫಿ ಹಣ್ಣಿನ (ಚೆರ್ರಿ) 50 ಕೆ.ಜಿ. ಚೀಲ 2024ರಲ್ಲೇ ಹತ್ತು ಸಾವಿರ ದಾಟಿತ್ತು. ಮೇಲಾಗಿ ಗದ್ದೆಗೆ ನಾಟಿಗೆ ಆಳು ಸಿಗುವುದಿಲ್ಲ, ಪೈರು ಹಾಲು ತುಂಬಿದಾಗ ಆನೆ ಬರುತ್ತದೆ, ಉಳಿದದ್ದನ್ನು ಕಾಡುಹಂದಿ ಉರುಳಾಡಿಸುತ್ತದೆ. ಹೀಗಿರುವಾಗ ಗದ್ದೆ ಪಾಳು ಬಿಟ್ಟವರನ್ನು ಬೈಯುವುದು ಸುಲಭ, ನಾವಂತೂ ಬೈಯುವುದಿಲ್ಲ. ಸುಗ್ಗಿ ಹಬ್ಬ ಪುತ್ತರಿಗೆ ಮನೆಗೆ ಕದಿರು ತರಲೇಬೇಕು, ಸ್ವಂತ ಗದ್ದೆಯಲ್ಲಿ ಪೈರಿಲ್ಲ, ಪಕ್ಕದವರ ಗದ್ದೆಗೆ ಹೋಗಿ ತೋಕಿನಿಂದ ಗುಂಡು ಹಾರಿಸಿ ಕದಿರು ತೆಗೆದುಕೊಂಡು ಬರುವ ಮನೆಗಳು ಈಗ ಬೇಕಾದಷ್ಟಿವೆ.

ಆದ್ದರಿಂದ ನಮ್ಮ ಸಲಹೆ ಏನೆಂದರೆ, ಬಂದವರು ಕಾಫಿಯನ್ನೇ ನೋಡುತ್ತಾ ನಿಲ್ಲಬೇಡಿ. ತೋಟದಿಂದ ಕೆಳಗಿಳಿದು ಗದ್ದೆಗೆ ಬನ್ನಿ, ಗದ್ದೆಯಿಂದ ಅಡುಗೆಮನೆಗೆ ಹೋಗಿ.

ಏಪ್ರಿಲ್‌, ಮೇನಲ್ಲಿ ಗದ್ದೆ ಖಾಲಿ ಇರುತ್ತದೆ ಅಂತಾರೆ. ಖಾಲಿ ಗದ್ದೆಯಲ್ಲಿ ನೋಡೋದೇನು?

ಭತ್ತ ನೋಡಬೇಕಿದ್ದರೆ ನೀವು ಬರುವುದೇ ತಪ್ಪು ಕಾಲದಲ್ಲಿ. ಇಲ್ಲಿ ಸಸಿಮಡಿಗೆ ಬಿತ್ತುವುದು ಜೂನ್‌ ಮಳೆ ಹಿಡಿದ ಮೇಲೆ, ನಾಟಿ ಜುಲೈ–ಆಗಸ್ಟ್‌, ಕೊಯ್ಲು ನವೆಂಬರ್‌ ಕೊನೆಯಿಂದ. ಆದರೆ ಗದ್ದೆಯ ಮೈಕಟ್ಟು ಕಾಣುವುದು ಬೇಸಿಗೆಯಲ್ಲೇ. ನೀರು ಎಲ್ಲಿಂದ ಇಳಿಯುತ್ತದೆ, ಯಾವ ಏರಿ ಒಡೆದಿದೆ, ತೋಡು ಎಲ್ಲಿ ಹೂಳು ತುಂಬಿದೆ, ಯಾರ ಗದ್ದೆ ಎತ್ತರಿಸಿ ಅಡಿಕೆ ಹಾಕಿದ್ದಾರೆ, ಯಾರು ಶುಂಠಿಗೆ ಗುತ್ತಿಗೆ ಕೊಟ್ಟಿದ್ದಾರೆ, ಎಲ್ಲಿ ಮಣ್ಣು ತುಂಬಿಸಿ ಸೈಟು ಮಾಡಿದ್ದಾರೆ ಎಲ್ಲವೂ ಬಟಾಬಯಲು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮಡಿಕೇರಿ ತಾಲ್ಲೂಕಿನ ಊರುಗಳಲ್ಲಿ ಕೆಸರು, ಮರಳು ತುಂಬಿ ಕೈಬಿಟ್ಟ ಗದ್ದೆಗಳನ್ನೂ ಈ ಕಾಲದಲ್ಲಿ ನಡೆದು ನೋಡಬಹುದು.

ಒಂದು ಕೊಲ್ಲಿಯನ್ನು (ಗುಡ್ಡದಿಂದ ಇಳಿಯುವ ತೊರೆ) ಹಿಡಿದು ಅದರ ಎರಡೂ ಬದಿಯ ಗದ್ದೆಗಳನ್ನು ಒಂದೊಂದಾಗಿ ಗುರುತಿಸಿ. ಕಳೆದ ಮಳೆಗಾಲ ನಾಟಿ ಆಗಿತ್ತೇ, ಇಲ್ಲವಾದರೆ ಎಷ್ಟು ವರ್ಷದಿಂದ ಇಲ್ಲ, ಈಗ ಏನಿದೆ ಎಂದು ಆಯಾ ಮನೆಯವರನ್ನೇ ಕೇಳಿ ಬರೆದುಕೊಳ್ಳಿ. ಹಳಬರು ಗದ್ದೆಯನ್ನು ಎಕರೆಯಲ್ಲಿ ಹೇಳುವುದಿಲ್ಲ, ಭಟ್ಟಿ ಲೆಕ್ಕದಲ್ಲಿ ಹೇಳುತ್ತಾರೆ. ಗಾಬರಿಯಾಗಬೇಡಿ, ಅವರು ಹೇಳಿದಂತೆಯೇ ಬರೆದುಕೊಂಡು ಆಮೇಲೆ ಸರ್ವೆ ನಂಬರಿನ ಪಹಣಿ ನೋಡಿ ಹೊಂದಿಸಿ. ಇಂಥ ಒಂದು ನಕ್ಷೆ ಗ್ರಾಮ ಪಂಚಾಯಿತಿಯಲ್ಲಿ ಇರುವುದಿಲ್ಲ. ನೀವು ಮಾಡಿಕೊಟ್ಟರೆ ಅದು ಊರಿಗೇ ಆಸ್ತಿ.

ಎಲ್ಲ ಗದ್ದೆಯೂ ಖಾಲಿ ಎಂದುಕೊಳ್ಳಬೇಡಿ. ಉತ್ತರದ ಶನಿವಾರಸಂತೆ, ಕೊಡ್ಲಿಪೇಟೆ ಕಡೆ ಭತ್ತ ಕೊಯ್ದ ಗದ್ದೆಯಲ್ಲೇ ಬೇಸಿಗೆ ಬೆಳೆಯಾಗಿ ಹಸಿಮೆಣಸಿನಕಾಯಿ ಹಾಕುತ್ತಾರೆ. ತೋಡಿನಲ್ಲಿ ನೀರಿರುವ ಕಡೆ ಸೌತೆ, ಅಲಸಂದೆಯೂ ಉಂಟು. ನೀರು ಯಾರ ಪಾಲಿಗೆ ಎಷ್ಟು ಎಂಬ ಜಗಳವೂ ಉಂಟು. ಪ್ರಾಜೆಕ್ಟ್‌ಗೆ ಅದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ.

ಗದ್ದೆ ಹೋದರೆ ಅಕ್ಕಿ ಹೊರಗಿಂದ ತಂದುಕೊಂಡರಾಯ್ತು. ನಷ್ಟ ಏನು?

ಅಕ್ಕಿ ತರಬಹುದು, ನೀರು ತರಲಾಗುವುದಿಲ್ಲ. ಒಂದು ಎಕರೆ ಮೇಲೆ ಒಂದು ಇಂಚು ನೀರು ನಿಂತರೆ ಸುಮಾರು 1.03 ಲಕ್ಷ ಲೀಟರ್‌. ಏರಿ ಕಟ್ಟಿದ ಗದ್ದೆಯಲ್ಲಿ ಮಳೆಗಾಲ ಪೂರ್ತಿ ನಾಲ್ಕು ಇಂಚು ನೀರು ನಿಂತಿರುತ್ತದೆ ಎಂದುಕೊಂಡರೂ ಎಕರೆಗೆ ಯಾವಾಗಲೂ ನಾಲ್ಕು ಲಕ್ಷ ಲೀಟರ್‌ ಹಿಡಿದಿಟ್ಟ ಹಾಗೆ. ಅದು ಇಂಗುತ್ತದೆ, ಮಳೆ ಬಂದಷ್ಟೂ ಮತ್ತೆ ತುಂಬುತ್ತದೆ. ಏರಿ ಒಡೆದು ಪಾಳು ಬಿದ್ದ ಗದ್ದೆಯಲ್ಲಿ ಅದೇ ನೀರು ಸೀದಾ ತೋಡಿಗೆ, ತೋಡಿನಿಂದ ಹೊಳೆಗೆ. ಕಾವೇರಿ ಹುಟ್ಟುವ ಜಿಲ್ಲೆಯಲ್ಲೇ ಏಪ್ರಿಲ್‌ನಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್‌ ಓಡುವುದನ್ನು ನೀವೇ ನೋಡುತ್ತೀರಿ.

ನನ್ನ ವಿಷಯ "ಕೊಡಗಿನ ಆಹಾರ ವ್ಯವಸ್ಥೆಯ ಸುಸ್ಥಿರತೆ: ಒಂದು ಅಧ್ಯಯನ". ಪರವಾಗಿಲ್ವಾ?

ಪಿಎಚ್‌.ಡಿ. ಮಾಡುವವರಿಗೂ ಇದು ಜಾಸ್ತಿ. ಒಂದು ಪ್ರಶ್ನೆ, ಒಂದು ಜಾಗ, ಎಣಿಸಲು ಅಥವಾ ತೂಗಲು ಆಗುವ ಒಂದು ವಸ್ತು ಇಟ್ಟುಕೊಳ್ಳಿ.

ಹಾಗಾದರೆ ಒಂದೆರಡು ವಿಷಯ ನೀವೇ ಹೇಳಿ.

ನಮಗೆ ಅತ್ಯಂತ ಇಷ್ಟವಾದದ್ದು ಮಳೆ ಪುಸ್ತಕ. ಇಲ್ಲಿ ಸ್ವಲ್ಪ ದೊಡ್ಡ ತೋಟಗಳಲ್ಲೆಲ್ಲ ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಹೋಗಿ ಗಾಜಿನ ಅಳತೆಯಲ್ಲಿ ನೋಡಿ ಡೈರಿಯಲ್ಲಿ ಬರೆಯುತ್ತಾರೆ. ಸರ್ಕಾರ ಮಿಲಿಮೀಟರ್‌ ಎಂದರೂ ನಾವು ಇಂಚು, ಸೆಂಟಿನಲ್ಲೇ ಮಾತಾಡುವುದು. "ನಿಮಗೆಷ್ಟು ಬಂತು?" "ಒಂದು ಇಂಚು ಇಪ್ಪತ್ತು ಸೆಂಟು." ಅಂದರೆ 1.20 ಇಂಚು, ಸುಮಾರು 30 ಮಿ.ಮೀ. ಕೆಲವು ಮನೆಗಳಲ್ಲಿ ಅಜ್ಜನ ಕಾಲದ ಡೈರಿಗಳೂ ಪೆಟ್ಟಿಗೆಯಲ್ಲಿವೆ. ಫೆಬ್ರುವರಿ–ಮಾರ್ಚ್‌ನ ಹೂಮಳೆ ಒಂದು ಇಂಚಿನಷ್ಟು ಬಿದ್ದರೆ ರೋಬಸ್ಟಾ ಹೂ ಅರಳುತ್ತದೆ, ಅದಾದ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬಂದರೆ ಕಾಯಿ ನಿಲ್ಲುತ್ತದೆ. ಹೂಮಳೆ ಯಾವ ವರ್ಷ ಯಾವ ತಾರೀಕಿಗೆ ಬಂತು, ಬಾರದ ವರ್ಷ ಎಷ್ಟು ದಿನ ಸ್ಪ್ರಿಂಕ್ಲರ್‌ ಹೊಡೆದರು, ಆ ನೀರು ಕೆರೆಯದೋ ಕೊಲ್ಲಿಯದೋ, ಆಗ ಕೆಳಗಿನ ಗದ್ದೆಯವರಿಗೆ ಏನಾಯಿತು, ಇಷ್ಟನ್ನು ಒಂದೇ ಊರಿನ ಐದಾರು ಡೈರಿಗಳಿಂದ ತೆಗೆದರೆ ಸಾಕು. ಹತ್ತು ಎಕರೆಗೆ ಒಂದು ಇಂಚು ಸ್ಪ್ರಿಂಕ್ಲರ್‌ ಎಂದರೆ ಹತ್ತು ಲಕ್ಷ ಲೀಟರ್‌ ಮೇಲೆ. ಲೆಕ್ಕ ನೀವೇ ಮುಂದುವರಿಸಿ. ಡೈರಿಯನ್ನು ಮನೆಗೆ ಒಯ್ಯಬೇಡಿ. ಅಲ್ಲೇ ಕೂತು ಫೋಟೊ ತೆಗೆದು ಟೈಪ್‌ ಮಾಡಿ, ಒಂದು ಪ್ರತಿಯನ್ನು ಆ ಮನೆಯವರಿಗೇ ಕೊಟ್ಟು ಬನ್ನಿ.

ಎರಡನೆಯದು ಅಡುಗೆಮನೆ ಲೆಕ್ಕ. ಒಂದು ವಾರ, ಒಂದೊಂದು ಮನೆಯಲ್ಲಿ, ಒಲೆ ಮೇಲೆ ಹೋದ ಪ್ರತಿ ವಸ್ತುವೂ ಎಲ್ಲಿಂದ ಬಂತು ಎಂದು ಬರೆಯುವುದು: ಗದ್ದೆ, ತೋಟ, ಹಿತ್ತಲು, ಸಂತೆ, ಅಂಗಡಿ, ರೇಷನ್‌. ಮಾಲೀಕರ ಮನೆ, ತೋಟದ ಕೆಲಸಗಾರರು ಇರುವ ಲೈನ್‌ಮನೆ, ಆದಿವಾಸಿಗಳ ಹಾಡಿಯ ಮನೆ, ಪೇಟೆಯ ಬಾಡಿಗೆ ಮನೆ, ನಾಲ್ಕನ್ನೂ ಪಕ್ಕಪಕ್ಕ ಇಟ್ಟರೆ ಕೊಡಗಿನ ಪೂರ್ತಿ ಕತೆ ಅದರಲ್ಲಿದೆ. ಮೇ ತಿಂಗಳಲ್ಲಿ ತೋಟದಿಂದ ಬರುವ ಪಾಲು ಹೆಚ್ಚು, ಇದು ನೆನಪಿರಲಿ. ಹಲಸು ಹಣ್ಣಾಗಿರುತ್ತದೆ, ಕಾಡುಮಾವು ಉದುರುತ್ತಿರುತ್ತದೆ, ಬೆಣ್ಣೆಹಣ್ಣು ಶುರುವಾಗಿರುತ್ತದೆ. ಜೂನ್‌ ಕಳೆದರೆ ಕಣಿಲೆ, ಅಣಬೆ, ಕೆಸ, ತೆರಮೆ ಸೊಪ್ಪು. ಬೇಸಿಗೆಯ ಲೆಕ್ಕವನ್ನು ಇಡೀ ವರ್ಷಕ್ಕೆ ಗುಣಿಸಿ ವರದಿ ಬರೆದವರನ್ನು ನೋಡಿದ್ದೇವೆ.

ಇನ್ನು ಹೋಂಸ್ಟೇ, ರೆಸಾರ್ಟ್‌ಗಳ ಊಟದ ತ್ಯಾಜ್ಯ. ಏಪ್ರಿಲ್‌, ಮೇ ಪ್ರವಾಸಿಗರ ಕಾಲ, ತೂಗಲು ಬೇಕಾದಷ್ಟು ಸಿಗುತ್ತದೆ. ಅಡುಗೆಗೆ ಹೆಚ್ಚುವಾಗ ಬಿದ್ದ ಸಿಪ್ಪೆ, ಪಾತ್ರೆಯಲ್ಲೇ ಉಳಿದದ್ದು, ತಟ್ಟೆಯಲ್ಲಿ ಬಿಟ್ಟದ್ದು, ಮೂರನ್ನೂ ಬೇರೆಬೇರೆ ಬಕೆಟ್‌ಗೆ ಹಾಕಿಸಿ ತೂಗಿ. ಸಾಮಾನ್ಯವಾಗಿ ಇದು ಹಂದಿ ಸಾಕುವವರ ಡ್ರಮ್‌ಗೆ ಹೋಗುತ್ತದೆ. ಅದು ವ್ಯರ್ಥವಲ್ಲ. ಕುದಿಸದೆ ಹಾಕಿದರೆ ಆಫ್ರಿಕನ್‌ ಹಂದಿಜ್ವರ ಹರಡುವ ದಾರಿಯೂ ಅದೇ, ಹಾಗಾಗಿ ಕುದಿಸುತ್ತಾರೋ ಇಲ್ಲವೋ ನೋಡಿ ಬರೆಯಿರಿ.

ಜೇನಿನ ಬಗ್ಗೆಯೂ ಮಾಡಬಹುದು. ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಗಾಳಿ ಮತ್ತು ಜೇನು ಬೇಕು. 1991–92ರ ಸುಮಾರಿಗೆ ಥಾಯ್‌ ಸ್ಯಾಕ್‌ಬ್ರೂಡ್‌ ವೈರಸ್‌ ಬಂದು ತುಡುವೆ ಜೇನಿನ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದದ್ದನ್ನು ಹಳೆಯ ಜೇನು ಕೃಷಿಕರು ಈಗಲೂ ಹೇಳುತ್ತಾರೆ. ಭಾಗಮಂಡಲದಲ್ಲಿ ತೋಟಗಾರಿಕೆ ಇಲಾಖೆಯ ಜೇನು ಕೃಷಿ ಕೇಂದ್ರವಿದೆ. ಮೊದಲು ಅಲ್ಲಿಗೆ ಹೋಗಿ ಬನ್ನಿ.

ಕಿತ್ತಳೆ, ಕಾಚಂಪುಳಿ (ಅಡುಗೆಯ ಹುಳಿಗೆ ಬಳಸುವ ಹಣ್ಣು) ಎಂದು ಕೇಳುವವರೂ ಇದ್ದಾರೆ. ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ, ಮರಗಳು ಮಾತ್ರ ಗ್ರೀನಿಂಗ್‌ ರೋಗಕ್ಕೆ ಸಿಕ್ಕಿ ಹೋಗಿವೆ. ಬೇಸಿಗೆಯಲ್ಲಿ ಮಾಡಲು ಹೆಚ್ಚೇನಿಲ್ಲ. ಕಾಚಂಪುಳಿ ಹಣ್ಣಾಗುವುದು ಮಳೆಗಾಲದಲ್ಲಿ.

ನಾನು ಕಾಮರ್ಸ್‌ ವಿದ್ಯಾರ್ಥಿ. ನನಗೆ ಇಲ್ಲಿ ಕೆಲಸ ಉಂಟಾ?

ನಿಮಗೇ ಹೆಚ್ಚು ಕೆಲಸ. ಕಾಫಿ ಮಾರುವಾಗ ನಡೆಯುವ "ಓಟಿ" ಲೆಕ್ಕವನ್ನೇ ತೆಗೆದುಕೊಳ್ಳಿ. ಔಟ್‌ಟರ್ನ್‌ ಎಂಬುದರ ಮೊಟಕು. 50 ಕೆ.ಜಿ. ಚೆರ್ರಿಯ ಚೀಲದಿಂದ ಸಿಪ್ಪೆ ತೆಗೆದಾಗ ಎಷ್ಟು ಕೆ.ಜಿ. ಬೀಜ ಬರುತ್ತದೆ ಎಂಬುದು ಓಟಿ. 26 ಬಂತೆಂದರೆ ಆ ದಿನದ ಓಟಿ ದರವನ್ನು 26ರಿಂದ ಗುಣಿಸಿ ಚೀಲದ ಬೆಲೆ. ವ್ಯಾಪಾರಿ ಚೀಲದಿಂದ ಒಂದು ಹಿಡಿ ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ತೇವ ನೋಡಿ ಹೇಳಿದ್ದೇ ಅಂಕಿ. ಒಂದು ಓಟಿ ಆಚೀಚೆ ಆದರೂ ಚೀಲಕ್ಕೆ ನೂರಾರು ರೂಪಾಯಿ ವ್ಯತ್ಯಾಸ. ಕರಿಮೆಣಸಿಗೆ ಲೀಟರ್‌ ತೂಕ ಇದೆ: ಒಂದು ಲೀಟರ್‌ ಅಳತೆಯಲ್ಲಿ ಎಷ್ಟು ಗ್ರಾಂ ತೂಗಿತು ಎಂಬುದರ ಮೇಲೆ ದರ. ಸಣ್ಣ ಬೆಳೆಗಾರರು ಮನೆಯಲ್ಲೇ ಅಳೆದುಕೊಂಡು ಹೋಗುತ್ತಾರೋ, ಅಂಗಡಿಯಲ್ಲಿ ಹೇಳಿದ್ದನ್ನೇ ಒಪ್ಪುತ್ತಾರೋ ಎಂಬ ಒಂದೇ ಪ್ರಶ್ನೆ ಹಿಡಿದು ಹೋದರೆ ಆರು ವಾರ ಸಾಲುವುದಿಲ್ಲ. ಬೇಸಿಗೆಯಲ್ಲಿ ಮೆಣಸಿನ ಕೊಯ್ಲು ಮುಗಿದು ಮಾರಾಟ ನಡೆಯುತ್ತಿರುತ್ತದೆ, ಕಾಲವೂ ಸರಿ.

ಭತ್ತದ ಗದ್ದೆಯ ಖರ್ಚು-ಆದಾಯದ ಪಟ್ಟಿಯೂ ಮಾಡಿ. ಮನೆಯವರ ದುಡಿಮೆಗೆ ಕೂಲಿ ಹಿಡಿಯುತ್ತೀರೋ ಇಲ್ಲವೋ ಎಂಬುದರಲ್ಲೇ ಇಡೀ ಉತ್ತರ ತಲೆಕೆಳಗಾಗುತ್ತದೆ. ಎರಡೂ ರೀತಿ ಬರೆದು ತೋರಿಸಿ.

ನಾನು ಕಂಪ್ಯೂಟರ್‌ ಸೈನ್ಸ್‌. ರೈತರಿಗೆ ಆ್ಯಪ್‌ ಮಾಡಿಕೊಡಲಾ?

ಬೇಡ. ಮೊದಲು ಮಳೆ ಡೈರಿ ಟೈಪ್‌ ಮಾಡಿ.

ಎಷ್ಟು ವಾರ ಬೇಕು? ಯಾವಾಗ ಬರಲಿ?

ನಾಲ್ಕು ವಾರಕ್ಕೆ ಕಡಿಮೆ ಎಂದರೆ ಪ್ರವಾಸ. ಆರರಿಂದ ಎಂಟು ವಾರ ಇದ್ದರೆ ಏನಾದರೂ ಮಾಡಬಹುದು. ಏಪ್ರಿಲ್‌ ಮೊದಲ ವಾರ ಬಂದು ಮೇ ಕೊನೆಗೆ ಹೊರಡಿ. ಜೂನ್‌ನಲ್ಲಿ ಮಳೆ ಕೂತರೆ ಕರೆಂಟ್‌ ಇಲ್ಲ, ನೆಟ್‌ವರ್ಕ್‌ ಇಲ್ಲ, ಬರೆದುಕೊಂಡ ಕಾಗದವೂ ಒಣಗುವುದಿಲ್ಲ.

ಬಿ.ಎಸ್‌ಸಿ. ಕೃಷಿಯವರ ಗ್ರಾಮೀಣ ಕಾರ್ಯಾನುಭವ ಬೇರೆ, ಅದಕ್ಕೆ ನಿಮ್ಮ ಕಾಲೇಜೇ ಊರು ಗೊತ್ತುಮಾಡುತ್ತದೆ. ಅದರ ಮಧ್ಯೆ ನಮ್ಮನ್ನು ಸೇರಿಸಬೇಡಿ.

ತೋಟದವರ ಮನೆಗೆ ಹೇಗೆ ಹೋಗೋದು? ಫೋನ್‌ ಎತ್ತೋದೇ ಇಲ್ಲ ಕೆಲವರು.

ಏಪ್ರಿಲ್‌–ಮೇನಲ್ಲಿ ಫೋನ್‌ ಎತ್ತದಿದ್ದರೆ ತಪ್ಪು ತಿಳಿಯಬೇಡಿ. ಒಂದು, ಮದುವೆ ಕಾಲ. ಇನ್ನೊಂದು, ಹಾಕಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯುವುದು ಇದೇ ದಿನಗಳಲ್ಲಿ. ತಮ್ಮ ಕುಟುಂಬದ ಪಂದ್ಯ ಇರುವ ದಿನ ಯಾರ ಮನೆಯಲ್ಲೂ ಯಾರೂ ಇರುವುದಿಲ್ಲ. ನೀವೂ ಮೈದಾನಕ್ಕೆ ಹೋಗಿ, ಸಂದರ್ಶನ ಅಲ್ಲೇ ಆಗಿಹೋಗುತ್ತದೆ.

ಬೇರೆ ದಿನಗಳಲ್ಲಾದರೆ ತೋಟದ ಕೆಲಸ ಎಂಟಕ್ಕೆ ಶುರು, ಬೆಳಿಗ್ಗೆ ಆಳು ಹಂಚುವ ಹೊತ್ತಿಗೆ ಹೋಗಬೇಡಿ. ಹನ್ನೊಂದರ ಕಾಫಿ ಹೊತ್ತು ಅಥವಾ ಸಂಜೆ ನಾಲ್ಕೂವರೆ ಸರಿ. ಹೋದ ಕೂಡಲೇ ಪ್ರಶ್ನಾವಳಿ ಹಾಳೆ ತೆಗೆಯಬೇಡಿ. ನೀವು ಯಾವ ಊರು, ಯಾರ ಮಗ, ಯಾರ ಮಗಳು ಎಂದು ಅವರು ಕೇಳುತ್ತಾರೆ, ಹೇಳಿ. ಅವರ ಮನೆತನದ ಹೆಸರು ಕೇಳಿಕೊಂಡು ಸರಿಯಾಗಿ ಬರೆದುಕೊಳ್ಳಿ, ಇಲ್ಲಿ ಮನುಷ್ಯನ ಹೆಸರಿಗಿಂತ ಮೊದಲು ಮನೆ ಹೆಸರು. ಕಾಫಿ ಕೊಟ್ಟರೆ ಬೇಡ ಅನ್ನಬೇಡಿ. ದಿನಕ್ಕೆ ಆರು ಮನೆ ಇದ್ದರೆ ಆರು ಲೋಟ, ಬೇರೆ ದಾರಿಯಿಲ್ಲ.

ಕನ್ನಡ ಸಾಕಾ? ಕೊಡವ ತಕ್ಕ್‌ ಬರಬೇಕಾ?

ಕನ್ನಡ ಸಾಕು. ಕೊಡವ ತಕ್ಕ್‌, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ಯರವ, ಜೇನು ಕುರುಬರ ಮಾತು, ಈಚೆಗೆ ಅಸ್ಸಾಂ ಕಡೆಯಿಂದ ಬಂದ ಕೆಲಸದವರ ಹಿಂದಿ, ಒಂದೇ ಬಸ್ಸಿನಲ್ಲಿ ಎಲ್ಲವೂ ಕಿವಿಗೆ ಬೀಳುತ್ತವೆ. ಎಲ್ಲರಿಗೂ ನಡುವೆ ಕನ್ನಡವೇ ಸೇತುವೆ. ಅಸ್ಸಾಮಿನವರ ಜೊತೆ ಮಾತ್ರ ಹಿಂದಿ ಬರುವ ಗೆಳೆಯರನ್ನು ಕರೆದುಕೊಂಡು ಹೋಗಿ.

ಕಾರ್ಮಿಕರನ್ನು ಮಾತನಾಡಿಸುವಾಗ ಮಾಲೀಕರು ಪಕ್ಕದಲ್ಲೇ ನಿಂತಿರ್ತಾರೆ. ಏನು ಮಾಡೋದು?

ಅಲ್ಲಿ ಸಿಗುವ ಉತ್ತರ ಬರೆದುಕೊಂಡು ಪ್ರಯೋಜನವಿಲ್ಲ. ಮಾಲೀಕರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ, ಆದರೆ ಮಾತು ಕೆಲಸ ಬಿಟ್ಟ ಮೇಲೆ ಲೈನ್‌ಮನೆ ಹತ್ತಿರವೋ ಸಂತೆಯ ದಿನ ಪೇಟೆಯಲ್ಲೋ ಆಗಲಿ. ಹೆಂಗಸರ ಜೊತೆ ಮಾತಿಗೆ ಹುಡುಗಿಯರು ಹೋದರೆ ಒಳ್ಳೆಯದು. ಸಂಬಳದ ವಿಷಯದಿಂದ ಶುರು ಮಾಡಬೇಡಿ. "ಅಕ್ಕ, ಇವತ್ತು ಏನು ಸಾರು?" ಎಂದು ಕೇಳಿ. ಅನ್ನಭಾಗ್ಯದ ಅಕ್ಕಿ ತಿಂಗಳಿನಲ್ಲಿ ಎಷ್ಟು ದಿನ ಬರುತ್ತದೆ, ಮಕ್ಕಳು ಬೆಳಿಗ್ಗೆ ಏನು ತಿಂದು ಶಾಲೆಗೆ ಹೋಗುತ್ತಾರೆ, ಲೈನ್‌ಮನೆ ಹಿಂದೆ ನಾಲ್ಕು ಬದನೆ ಗಿಡ ಹಾಕಲು ಜಾಗ ಇದೆಯೇ, ಎಲ್ಲವೂ ತಾನಾಗಿ ಬರುತ್ತದೆ. ಹೊರರಾಜ್ಯದವರಾದರೆ ರೇಷನ್‌ ಕಾರ್ಡ್‌ ಊರಲ್ಲೇ ಬಿಟ್ಟು ಬಂದಿದ್ದಾರೆಯೇ, ಇಲ್ಲಿ ಅಕ್ಕಿ ಸಿಗುತ್ತದೆಯೇ ಎಂದೂ ಕೇಳಿ. ಸುಸ್ಥಿರತೆ ಎಂದು ಗೊಬ್ಬರ, ನೀರು ಅಳೆಯುವ ವರದಿಗಳಲ್ಲಿ ಈ ಮನೆಗಳ ತಟ್ಟೆ ಬರುವುದೇ ಇಲ್ಲ. ಹೆಸರು ಬರೆಯಬೇಡಿ. ತೋಟದ ಹೆಸರೂ ಬೇಡ.

ಹಾಡಿಗಳಿಗೆ ಹೋಗಿ ಕಾಡು ಆಹಾರದ ಬಗ್ಗೆ ಕೇಳಬಹುದಾ?

ಕೇಳಬಹುದು, ಅವಸರ ಮಾಡದೆ. ಜೇನು ಕುರುಬರು, ಬೆಟ್ಟ ಕುರುಬರು, ಯರವರು, ಪಣಿಯರು ಎಲ್ಲರ ಊಟವೂ ಒಂದೇ ಎಂದುಕೊಂಡು ಹೋಗಬೇಡಿ. ಗದ್ದೆಯ ಏಡಿ, ತೋಡಿನ ಮೀನು, ಬೆರಕೆ ಸೊಪ್ಪುಗಳ ಬಗ್ಗೆ ಯರವ ಅಜ್ಜಿಯರಿಗೆ ಗೊತ್ತಿರುವಷ್ಟು ಯಾವ ಪುಸ್ತಕದಲ್ಲೂ ಇಲ್ಲ. ಗದ್ದೆಗೆ ಕೀಟನಾಶಕ ಬಿದ್ದ ಮೇಲೆ ಏಡಿ ಕಡಿಮೆಯಾದದ್ದನ್ನು ಅವರೇ ಹೇಳುತ್ತಾರೆ. ಹಾಡಿಯ ಹಿರಿಯರನ್ನು ಮೊದಲು ಕಾಣಿ, ಏನಕ್ಕೆ ಬಂದಿದ್ದೇವೆ, ಬರೆದದ್ದನ್ನು ಎಲ್ಲಿ ಹಾಕುತ್ತೇವೆ ಎಂದು ಬಿಡಿಸಿ ಹೇಳಿ. ಬೇಡ ಎಂದರೆ ಬೇಡ.

ಔಷಧಿ ಗಿಡದ ಮಾಹಿತಿಯನ್ನು ಇಂಟರ್‌ನೆಟ್‌ಗೆ ಹಾಕಲೇಬೇಡಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ದಾಖಲಾತಿ ಇರಬೇಕು. ಆ ಪುಸ್ತಕ ಎಲ್ಲಿದೆ ಎಂದು ಪಂಚಾಯಿತಿಯಲ್ಲಿ ಕೇಳಿ ನೋಡಿ, ಅದೂ ಒಂದು ಪ್ರಾಜೆಕ್ಟ್‌. ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ರಕ್ಷಿತಾರಣ್ಯಗಳ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ದೇವರಕಾಡಿನಿಂದ ಒಂದು ಎಲೆಯನ್ನೂ ಕೀಳಬೇಡಿ.

ಸಾವಯವ ತೋಟ ಇದ್ದರೆ ಸುಸ್ಥಿರ ಅಂತ ಬರೆದುಬಿಡಬಹುದಾ?

ಬರೆಯಬೇಡಿ. ರಾಸಾಯನಿಕ ಮುಟ್ಟದ ತೋಟದವರೇ ಮಾರ್ಚ್‌ನಲ್ಲಿ ಕೊಲ್ಲಿಗೆ ಪಂಪ್‌ ಇಟ್ಟು ಕೆಳಗಿನವರಿಗೆ ನೀರಿಲ್ಲದಂತೆ ಮಾಡಿರಬಹುದು. ಪಲ್ಪಿಂಗ್‌ ನೀರನ್ನು ಹೊಂಡದಲ್ಲಿ ಇಂಗಿಸದೆ ತೋಡಿಗೆ ಬಿಟ್ಟಿರಬಹುದು. ಹಲಸು, ಅತ್ತಿ, ನಂದಿ ಮರಗಳನ್ನು ಕಡಿದು ಸಾಲಾಗಿ ಸಿಲ್ವರ್‌ ಓಕ್‌ ನೆಟ್ಟಿರಬಹುದು. ಹಾಗೆಯೇ ಗದ್ದೆಗೆ ಒಂದಿಷ್ಟು ಯೂರಿಯಾ ಹಾಕುವವರು ವರ್ಷ ತಪ್ಪದೆ ನಾಟಿ ಮಾಡಿ ಇಡೀ ಕೊಲ್ಲಿಗೆ ನೀರು ಉಳಿಸಿಕೊಟ್ಟಿರಬಹುದು. ಲೇಬಲ್‌ ನೋಡಬೇಡಿ, ನೀರು ನೋಡಿ, ಮರ ನೋಡಿ, ಊಟ ನೋಡಿ. ಶುಂಠಿ ಗದ್ದೆಯ ಬಗ್ಗೆ ಮಾತ್ರ ನಮಗೆ ಇನ್ನೂ ಒಳ್ಳೆಯ ಮಾತು ಸಿಕ್ಕಿಲ್ಲ.

ಮಣ್ಣು ಪರೀಕ್ಷೆ, ಸಲಹೆಗೆ ಯಾರ ಹತ್ತಿರ ಹೋಗೋದು?

ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಮೊದಲು ಅಲ್ಲಿ ಕೇಳಿ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ. ಅದೇ ಊರಿನಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂ‌ಸ್ಥೆಯ ಪ್ರಯೋಗ ಕೇಂದ್ರವೂ ಇದೆ. ಅರ್ಕಾ ಕೂರ್ಗ್‌ ಅರುಣ್‌ ಎಂಬ ರಾಂಬುಟಾನ್‌ ತಳಿ ಬಂದದ್ದು ಅಲ್ಲಿಂದಲೇ. ಏಲಕ್ಕಿಗೆ ಅಪ್ಪಂಗಳದ ಸಂಶೋಧನಾ ಕೇಂದ್ರ. ಮರ, ಕಾಡು, ದೇವರಕಾಡಿನ ವಿಷಯಕ್ಕೆ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ. ಎಲ್ಲ ಕಡೆಗೂ ನಿಮ್ಮ ಕಾಲೇಜಿನ ಪತ್ರ ಬೇಕು. ಲೆಟರ್‌ಹೆಡ್‌ ಮೇಲೆ, ಸೀಲ್‌ ಸಮೇತ.

ಉಳಿಯೋದು ಎಲ್ಲಿ? ಖರ್ಚು ಎಷ್ಟು? ಸ್ಟೈಪೆಂಡ್‌?

ಸ್ಟೈಪೆಂಡ್‌ ಇಲ್ಲ. ಗೋಣಿಕೊಪ್ಪ, ವಿರಾಜಪೇಟೆ, ಕುಶಾಲನಗರದಲ್ಲಿ ಇಬ್ಬರು ಮೂವರು ಸೇರಿ ತಿಂಗಳ ಬಾಡಿಗೆಗೆ ರೂಮು ಹಿಡಿಯುವುದು ಒಳ್ಳೆಯದು. ಮೇ ತಿಂಗಳಲ್ಲಿ ಹೋಂಸ್ಟೇ ಬೆಲೆ ಕೇಳಿದರೆ ವಾಪಸ್‌ ಬಸ್‌ ಹತ್ತುತ್ತೀರಿ. ಕೆಲವು ಮನೆಗಳಲ್ಲಿ ಉಳಿಯಲು ಜಾಗ ಕೊಡುತ್ತಾರೆ. ಅಂಥ ಮನೆಯಲ್ಲಿ ಊಟದ ಖರ್ಚು ಕೊಡುತ್ತೇವೆ ಎಂದು ಮೊದಲೇ ಹೇಳಿ. ತೆಗೆದುಕೊಳ್ಳದಿದ್ದರೆ ಮೆಣಸು ಒಣಗಿಸುವುದೋ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದೋ ಏನಾದರೂ ಮಾಡಿ.

ನಾನು ಸಸ್ಯಾಹಾರಿ. ಕೊಡಗಿನಲ್ಲಿ ಬದುಕ್ತೀನಾ?

ಅಕ್ಕಿ ಒಟ್ಟಿ, ಎಳ್ಳು ಪಜ್ಜಿ, ನೂಪುಟ್ಟ್‌, ಪಾಪುಟ್ಟ್‌, ಕಾಡುಮಾವಿನ ಸಾರು, ಹಲಸಿನ ಬೀಜದ ಪಲ್ಯ. ಚೆನ್ನಾಗಿಯೇ ಬದುಕುತ್ತೀರಿ. ಪಂದಿ ಕರಿ ನೋಡಿ ಮುಖ ಮಾತ್ರ ಕಿವುಚಬೇಡಿ.

ಆನೆ?

ತಮಾಷೆಯ ವಿಷಯವಲ್ಲ. ಸಂಜೆ ಆರರ ನಂತರ, ಬೆಳಿಗ್ಗೆ ಬೆಳಕು ಸರಿಯಾಗಿ ಹರಿಯುವ ಮೊದಲು ತೋಟದ ದಾರಿಯಲ್ಲಿ ನಡೆಯಬೇಡಿ, ಸ್ಕೂಟರಿನಲ್ಲೂ ಬೇಡ. ಬೇಸಿಗೆಯಲ್ಲಿ ಹಲಸಿನ ವಾಸನೆಗೆ ಆನೆಗಳು ತೋಟದೊಳಗೇ ಇರುತ್ತವೆ, ಹಗಲಲ್ಲೂ ಕಾಫಿ ಗಿಡದ ನಡುವೆ ಅಲ್ಲಾಡದೆ ನಿಂತಿರುತ್ತವೆ. ಎಷ್ಟೋ ಮನೆಯವರು ಹಲಸನ್ನು ಎಳೆಯದಾಗಿರುವಾಗಲೇ ಇಳಿಸಿಬಿಡುವುದು ಇದಕ್ಕೇ. ಒಳಗೆ ಹೋಗುವ ಮುನ್ನ ಕೆಲಸದವರನ್ನು ಕೇಳಿ, "ಇವತ್ತು ಎಲ್ಲಿದೆ?" ಅವರಿಗೆ ಗೊತ್ತಿರುತ್ತದೆ. ಊರಿನ ವಾಟ್ಸ್‌ಆ್ಯಪ್‌ ಗುಂಪಿಗೂ ಸೇರಿಕೊಳ್ಳಿ. ಇಯರ್‌ಫೋನ್‌ ಹಾಕಿಕೊಂಡು ತೋಟದಲ್ಲಿ ನಡೆಯುವವರನ್ನು ಅದೇ ದಿನ ಊರಿಗೆ ಕಳುಹಿಸುತ್ತೇವೆ.

ಜಿಗಣೆ ಏಪ್ರಿಲ್‌ನಲ್ಲಿ ಕಡಿಮೆ. ಮೇ ಮಳೆ ಎರಡು ಬಿದ್ದರೆ ಹಾಜರ್‌. ಉಪ್ಪು ಅಥವಾ ಹೊಗೆಸೊಪ್ಪಿನ ನೀರು ಕಾಲಿಗೆ ಹಚ್ಚಿ. ಗೊತ್ತಿಲ್ಲದ ಅಣಬೆ ತಿನ್ನಬೇಡಿ, ಗೊತ್ತಿದೆ ಎನ್ನುವ ಗೆಳೆಯ ಹೇಳಿದರೂ.

ರೀಲ್ಸ್‌ ಮಾಡಬಹುದಾ?

ಜನರನ್ನು ಕೇಳಿ ಮಾಡಿ. ಹಾಡಿಯಲ್ಲಿ ಬೇಡ. ಆನೆ ಹಿಂದೆ ಹೋಗಿ ಅಂತೂ ಬೇಡವೇ ಬೇಡ.

ವರದಿಯನ್ನು ನಿಮಗೆ ಕಳುಹಿಸಬೇಕಾ?

ನಮಗಿಂತ ಮೊದಲು, ಹೊತ್ತು ಕೊಟ್ಟು ಮಾತಾಡಿದ ಮನೆಗಳಿಗೆ. ಅರವತ್ತು ಪುಟದ ಇಂಗ್ಲಿಷ್‌ ಪಿಡಿಎಫ್‌ ಯಾರೂ ತೆರೆಯುವುದಿಲ್ಲ. ಎರಡು ಪುಟ ಕನ್ನಡದಲ್ಲಿ ಬರೆದು, ಒಂದು ನಕ್ಷೆ ಅಥವಾ ಒಂದು ಪಟ್ಟಿ ಸೇರಿಸಿ, ಪ್ರಿಂಟ್‌ ತೆಗೆದು ಕೈಗೆ ಕೊಡಿ. ಹೊರಡುವ ವಾರದಲ್ಲಿ ಒಂದು ಸಂಜೆ ಊರಿನವರನ್ನು ಕೂರಿಸಿ ಓದಿ ಹೇಳಿ. "ಅದು ನಮ್ಮ ಗದ್ದೆಯಲ್ಲ, ಮೇಲಿನವರದ್ದು" ಎಂದು ತಿದ್ದುವವರು ಸಿಗುತ್ತಾರೆ. ತಿದ್ದಿಸಿಕೊಂಡ ಮೇಲೆಯೇ ಕಾಲೇಜಿಗೆ ಒಪ್ಪಿಸಿ. ಗ್ರಾಮ ಪಂಚಾಯಿತಿಗೆ ಒಂದು ಪ್ರತಿ, ಸ್ವೀಕೃತಿ ಸಹಿ ಹಾಕಿಸಿಕೊಂಡು.

ಗದ್ದೆ ನಾಟಿ ನೋಡಬೇಕು ಅಂತ ಆಸೆ. ಮತ್ತೆ ಬರಬಹುದಾ?

ಜುಲೈ ಕೊನೆಯ ಒಂದು ಶನಿವಾರ, ಭಾನುವಾರ ಬನ್ನಿ. ರೇನ್‌ಕೋಟ್‌ ತನ್ನಿ, ಕೊಡೆ ಗಾಳಿಗೆ ನಿಲ್ಲುವುದಿಲ್ಲ. ಆಗಸ್ಟ್‌ 3ರ ಸುಮಾರಿಗೆ ಬಂದರೆ ಕಕ್ಕಡ ತಿಂಗಳ ಹದಿನೆಂಟನೇ ದಿನದ ಮದ್ದುಸೊಪ್ಪಿನ ಪಾಯಸವೂ ಸಿಗುತ್ತದೆ. ಬಣ್ಣ ನೇರಳೆ, ಮರುದಿನ ಬೆಳಿಗ್ಗೆ ಮೂತ್ರ ಕೆಂಪಗಿದ್ದರೆ ಹೆದರಿ ಆಸ್ಪತ್ರೆಗೆ ಓಡಬೇಡಿ. ನಾಟಿಗೆ ಇಳಿಯುವವರು ಹೇಳಿ ಇಳಿಯಿರಿ. ಸಸಿ ಆಳಕ್ಕೆ ಊರಿದರೆ ಆಮೇಲೆ ಕಿತ್ತು ನೆಡುವ ಕೆಲಸ ನಮ್ಮ ಹೆಂಗಸರಿಗೆ.

ಬಸ್‌ ಯಾವುದು?

ಕೊಡಗಿಗೆ ರೈಲಿಲ್ಲ. ಮೈಸೂರಿಗೆ ಬಂದು ಬಸ್‌ ಹಿಡಿಯಿರಿ. ಗೋಣಿಕೊಪ್ಪ, ವಿರಾಜಪೇಟೆಗಾದರೆ ಹುಣಸೂರು, ತಿತಿಮತಿ ಮೇಲೆ. ಕುಶಾಲನಗರ, ಮಡಿಕೇರಿಗಾದರೆ ಪಿರಿಯಾಪಟ್ಟಣ ಮೇಲೆ, ಮಡಿಕೇರಿಗೆ ಸುಮಾರು 120 ಕಿ.ಮೀ. ಬೆಳಗಿನ ಬಸ್ಸಿಗೇ ಬನ್ನಿ. ಪೇಟೆಯಿಂದ ಒಳಗಿನ ಊರುಗಳಿಗೆ ಹೋಗುವ ಖಾಸಗಿ ಬಸ್ಸುಗಳು ಸಂಜೆಯಾದರೆ ಸಿಗುವುದು ಕಷ್ಟ, ಆಮೇಲೆ ಆಟೋದವರು ಹೇಳಿದ್ದೇ ರೇಟು.